ಬಲೆಯವರ ಒಂದೇ ಬಾಯಿ

ನನ್ನ ಮೊಮ್ಮಗಳಿಗೆ ಅವಳಪ್ಪ, ನನ್ನ ಮಗ, ಹೇಳಿದ್ದು, ದೋಣಿಯಿಂದ ಬಿದ್ದು ಕೈ ಮುರಿದುಕೊಂಡೆ ಎಂದು. ಅವಳು ಅದನ್ನೇ ಶಾಲೆಯಲ್ಲಿ ಹೇಳಿ ಬಂದಿದ್ದಾಳೆ. ನಾನು ಎದುರು ಮಾತಾಡಲಿಲ್ಲ. ಮಕ್ಕಳಿಗೆ ಏನು ಹೇಳಬೇಕು ಎನ್ನುವುದು ಅಪ್ಪ ಅಮ್ಮನಿಗೆ ಬಿಟ್ಟದ್ದು. ಆದರೆ ಅವನು ದೋಣಿಯಿಂದ ಬೀಳಲಿಲ್ಲ. ಆ ದಿನ ಅವನು ದೋಣಿ ಹತ್ತಿಯೇ ಇರಲಿಲ್ಲ. ಹಾಡುಹಗಲು, ಒಣ ಮರಳಿನ ಮೇಲೆ, ಬಲೆ ಎಳೆಯುವ ಜನವೆಲ್ಲ ನಿಂತು ನೋಡುತ್ತಿರುವಾಗ ಪೊಲೀಸ್ ಎಸ್ಸೈ ಲಾಠಿಯಲ್ಲಿ ಹೊಡೆದು ಮುರಿದ ಕೈ ಅದು. ಈ ಒಂದು ಮಾತನ್ನು ಸರ್ಕಾರದ ಯಾರಾದರೂ ಒಬ್ಬರು 'ಹೌದು, ಹೀಗೇ ಆದದ್ದು' ಎಂದು ಒಪ್ಪಬೇಕು ಅಂತ ನಾನು ವರ್ಷಗಟ್ಟಲೆ ತಿರುಗಿದೆ. ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲ ಎನ್ನುವುದನ್ನು ಬರೆಯುತ್ತೇನೆ. ನಾನು ನಾಲ್ಕನೇ ಕ್ಲಾಸಿನ ತನಕ ಹೋದವಳು. ಅಕ್ಷರ ಅಡ್ಡಾದಿಡ್ಡಿ ಬರುತ್ತದೆ. ವಿಷಯ ಅಡ್ಡಾದಿಡ್ಡಿ ಇಲ್ಲ.

ನಮ್ಮದು ಕುಂದಾಪುರದ ಆಚೆ ನಾವುಂದದ ಬದಿಯ ಕಡಲ ಕರೆ, ಎಂದರೆ ದಡ. ಗಂಡಸರು ಮೀನು ಹಿಡಿಯುವುದು, ಹೆಂಗಸರು ಮಾರುವುದು. ನಾನು ಮದುವೆಗೆ ಮೊದಲೇ ತಲೆಗೆ ಮೀನಿನ ಹೆಡಿಗೆ ಏರಿಸಿದವಳು. ಬಸ್ಸಿನ ಹಿಂದಿನ ಮೆಟ್ಟಿಲ ಹತ್ತಿರ ಹೆಡಿಗೆ ಇಟ್ಟುಕೊಂಡು ತಲ್ಲೂರಿನ ತನಕ ಹೋಗುತ್ತಿದ್ದೆ. ಕಂಡಕ್ಟರ್ ಮೂಗು ಮುಚ್ಚಿಕೊಳ್ಳುತ್ತಿದ್ದ, ಅವನ ಮನೆಗೆ ಹೋಗುತ್ತಿದ್ದದ್ದೂ ನನ್ನ ಬಂಗುಡೆ ಮೀನೇ. ಗಂಡ ಬೇಗ ತೀರಿಕೊಂಡ. ಇದ್ದವನು ಒಬ್ಬ ಮಗ. ಅದರ ಬಗ್ಗೆ ಉದ್ದ ಬರೆಯುವುದಿಲ್ಲ, ಎಲ್ಲರ ಮನೆಯಲ್ಲೂ ಒಂದಲ್ಲ ಒಂದು ಇರುತ್ತದೆ.

ಕೈರಂಪಣಿ ಬಲೆ ಎಳೆಯುವುದು ಹೇಗೆ ಎಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ದೋಣಿಯವರು ಬಲೆಯನ್ನು ಕಡಲಿಗೆ ತೆಗೆದುಕೊಂಡು ಹೋಗಿ ಅರ್ಧ ಸುತ್ತು ಬಿಟ್ಟು ಬರುತ್ತಾರೆ. ಬಲೆಯ ಎರಡು ತುದಿಯ ಹಗ್ಗ ದಡದಲ್ಲಿ ಇರುತ್ತದೆ. ಒಂದು ಹಗ್ಗಕ್ಕೆ ತೆಂಕಣ ಸಾಲು, ಇನ್ನೊಂದಕ್ಕೆ ಬಡಗಣ ಸಾಲು. ಎರಡೂ ಸಾಲು ಸಮ ಎಳೆಯಬೇಕು. ಒಂದು ಬದಿ ಮುಂದೆ ಹೋದರೆ ಬಲೆ ಓರೆಯಾಗಿ ಮೀನು ಅಡಿಯಿಂದ ಜಾರಿ ಹೋಗುತ್ತದೆ. ಅದಕ್ಕೆ ನಡುವೆ, ನೀರಿನ ಅಂಚಿನಲ್ಲಿ, ಬಲೆಯ ಮುಖ್ಯಸ್ಥ ನಿಲ್ಲುತ್ತಾನೆ. ಅವನಿಗೆ ತಂಡೇಲ ಎನ್ನುವುದು. ಅವನ ಮುಖ ಕಡಲಿಗೆ, ಬೆನ್ನು ಜನರಿಗೆ. ಅವನು ಕೂಗಿದ ಹಾಗೆ ಎಳೆಯಬೇಕು. ಬೇರೆ ಯಾರೂ ಬಾಯಿ ಬಿಡುವ ಹಾಗಿಲ್ಲ. ನಾಲ್ಕು ಜನ ನಾಲ್ಕು ಕೂಗಿದರೆ ಬಲೆ ಹಾಳು.

ಎಳೆಯುವಾಗಿನ ಈ ಕ್ರಮ ಎಳೆದು ಮುಗಿದ ಮೇಲೂ ನಡೆಯುತ್ತಿತ್ತು. ಮೀನಿನ ದರ ಮಾತಾಡುವುದು ತಂಡೇಲ. ಪಕ್ಕದ ಊರಿನ ಬಲೆಯವರ ಹತ್ತಿರ ಜಗಳವಾದರೆ ಮಾತಾಡುವುದು ತಂಡೇಲ. ಆಫೀಸಿನವರು ಯಾರಾದರೂ ಬಂದು ಏನು ಕೇಳಿದರೂ ಎಳೆಯುವವರು ತಲೆ ಎತ್ತದೆ 'ತಂಡೇಲ್ರ ಹತ್ರ ಕೇಣಿ' ಎನ್ನುತ್ತಿದ್ದರು. ಅವರ ಹತ್ತಿರ ಕೇಳಿ ಎಂದು. ಅದು ಹೆದರಿಕೆ ಅಲ್ಲ, ಮರ್ಯಾದೆ. ನಡುವೆ ಬಾಯಿ ಹಾಕಿದವನನ್ನು ಮರುದಿನ ಹಗ್ಗಕ್ಕೆ ಸೇರಿಸುತ್ತಿರಲಿಲ್ಲ.

ಉಡುಪಿ ಬೇರೆ ಜಿಲ್ಲೆಯಾದ ವರ್ಷ ನನ್ನ ಅಣ್ಣ ತಂಡೇಲನಾದ. ಒಳ್ಳೆಯ ತಂಡೇಲ. ನೀರಿನ ಬಣ್ಣ ನೋಡಿ ಮೀನು ಹೇಳುತ್ತಿದ್ದ, ಪಾಲು ಹಾಕುವಾಗ ಯಾರಿಗೂ ಕಡಿಮೆ ಮಾಡುತ್ತಿರಲಿಲ್ಲ. ನಮ್ಮಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುವುದು. ತಾಯಿಯ ಅಣ್ಣ ಎಂದರೆ ಅಪ್ಪನಿಗಿಂತ ಒಂದು ಕೈ ಮೇಲೆ. ಹಾಗಾಗಿ ನನ್ನ ಮಗನಿಗೆ ಅಪ್ಪ ಇಲ್ಲ ಅನ್ನುವ ಕೊರತೆ ಕಾಣಲಿಲ್ಲ. ಮಾವ ಇದ್ದ.

ಪೊಲೀಸರ ಜೀಪು ಕಡಲ ಕರೆಗೆ ಬರುವುದು ಹೊಸತಲ್ಲ. ಒಳ್ಳೆಯ ಮೀನು ಬಿದ್ದ ಸುದ್ದಿ ನಮ್ಮ ಮನೆಗೆ ಮುಟ್ಟುವ ಮೊದಲು ಠಾಣೆಗೆ ಮುಟ್ಟುತ್ತಿತ್ತು. ಜೀಪು ಬಂದು ನಿಲ್ಲುವುದು, ಒಬ್ಬ ಪೊಲೀಸ ಚೀಲ ಹಿಡಿದುಕೊಂಡು ಇಳಿಯುವುದು, ಅಣ್ಣ ದೊಡ್ಡ ದೊಡ್ಡ ಮೀನು ಹೆಕ್ಕಿ ಹಾಕುವುದು. ಹಣದ ಮಾತು ಇಲ್ಲ. ದೇವಸ್ಥಾನಕ್ಕೆ ಒಂದು ಪಾಲು ಎತ್ತಿಡುವ ಹಾಗೆ ಜೀಪಿಗೂ ಒಂದು ಪಾಲು. ಯಾರಿಗೂ ಅದು ತಪ್ಪು ಅಂತ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ.

ನನ್ನ ಮಗ ಮುಂಬೈಯ ಹೋಟೆಲಿನಲ್ಲಿ ಕೆಲವು ವರ್ಷ ಇದ್ದು, ಅಲ್ಲಿಯ ಗಾಳಿ ಆಗದೆ ವಾಪಸು ಬಂದವ. ಬಂದವನು ಮಾವನ ಬಲೆಗೆ ಸೇರಿದ. ಕೆಲಸಕ್ಕೆ ತೊಂದರೆ ಇಲ್ಲ, ಬಾಯಿ ಮಾತ್ರ ಸ್ವಲ್ಪ ಉದ್ದ. ಮುಂಬೈಯಲ್ಲಿ ಬಾಯಿ ಇಲ್ಲದವನು ಬದುಕುವುದಿಲ್ಲ ಎನ್ನುತ್ತಿದ್ದ. 'ಇದ್ ಮುಂಬೈ ಅಲ್ಲ ಮಗಾ' ಎಂದು ಅವನ ಮಾವ ಎಷ್ಟೋ ಸಲ ಹೇಳಿದ್ದುಂಟು.

ಮಳೆಗಾಲ ಕಳೆದು ಕಡಲು ತಿಳಿಯಾದ ಸಮಯ. ಆ ದಿನ ಮೊದಲ ಎಳೆತದ ಮೀನು ಮರಳಿನ ಮೇಲೆ ರಾಶಿ ಬಿದ್ದಿತ್ತು, ಎರಡನೇ ಎಳೆತ ನಡೆಯುತ್ತಿತ್ತು. ನಾನು ಹೆಡಿಗೆ ಹಿಡಿದುಕೊಂಡು ರಾಶಿಯ ಹತ್ತಿರ ಕಾಯುತ್ತಿದ್ದೆ. ಜೀಪು ಬಂತು. ಹೊಸ ಎಸ್ಸೈ, ಬಂದು ಸ್ವಲ್ಪವೇ ಸಮಯ ಆಗಿತ್ತು, ತಾನೇ ಇಳಿದು ಬಂದ. ಅಣ್ಣ ನೀರಿನ ಕಡೆ ಮುಖ ಮಾಡಿ ನಿಂತಿದ್ದ. ತಂಡೇಲ ತಿರುಗುವ ತನಕ ಕಾಯಬೇಕು ಎನ್ನುವುದು ಹಳೆಯ ಪೊಲೀಸರಿಗೆ ಗೊತ್ತಿತ್ತು, ಇವನಿಗೆ ಗೊತ್ತಿರಲಿಲ್ಲ. ರಾಶಿಯಲ್ಲಿ ಕಾಣೆ ಎನ್ನುವ ಬೆಲೆಯ ಮೀನು ಎಲ್ಲಿದೆ ಎಂದು ಬೂಟಿನ ತುದಿಯಲ್ಲಿ ಕೆದಕಿದ. ಚೀಲ ಹಿಡಿದ ಪೊಲೀಸ ಹೆಕ್ಕಲಿಕ್ಕೆ ಕುಳಿತ.

ನನ್ನ ಮಗ ತೆಂಕಣ ಸಾಲಿನ ಕೊನೆಯಲ್ಲಿ ಹಗ್ಗ ಹಿಡಿದಿದ್ದ. ರಾಶಿ ಅವನ ಪಕ್ಕದಲ್ಲೇ. ನಗುತ್ತಲೇ ಹೇಳಿದ, 'ಹ್ವಾಯ್, ಬಲೆ ಇನ್ನೂ ನೀರಲ್ಲೇ ಇತ್ತ್. ನೀವೂ ಬಂದ್ ಹಗ್ಗಕ್ ಒಂದ್ ಕೈ ಹಾಕಿ. ಕೈ ಹಾಕ್ದವ್ರಿಗೆಲ್ಲ ಪಾಲ್ ಇತ್ತ್.'

ದಾರಿಯಲ್ಲಿ ಹೋಗುವವರು ಯಾರೇ ಬಂದು ಹಗ್ಗಕ್ಕೆ ಕೈ ಕೊಟ್ಟರೂ ಅವರಿಗೆ ಸಾರಿಗಾಗುವಷ್ಟು ಮೀನು ಕೊಡುವುದು ನಮ್ಮ ಕ್ರಮ. ಅದನ್ನೇ ಅವನು ತಮಾಷೆ ಮಾಡಿದ್ದು. ನಮ್ಮ ಮಾತಿನಲ್ಲಿ 'ಇತ್ತ್' ಎಂದರೆ ಇದೆ ಎಂದು. ಸಾಲಿನಲ್ಲಿ ಇಬ್ಬರು ಮೂವರು ನಕ್ಕರು. ಅವನು ಹೇಳಿದ್ದಕ್ಕಿಂತ ಇವರು ನಕ್ಕದ್ದು ಆ ಎಸ್ಸೈಗೆ ತಾಗಿತು. 'ಯಾರೋ ನೀನು, ನನಗೆ ಪಾಲು ಕೊಡುವವನು?' ಎಂದ. ಮೊದಲ ಏಟು ಹೆಗಲಿಗೆ ಬಿತ್ತು. ಮಗ ಬಲಗೈ ಅಡ್ಡ ಹಿಡಿದ. ಆಮೇಲಿನದೆಲ್ಲ ಆ ಕೈಗೆ. ಅಂಗೈ, ಬೆರಳು, ಮಣಿಕಟ್ಟು. ಇವನು ಕೆಳಗೆ ಬಿದ್ದ ಮೇಲೆ ಎಸ್ಸೈ ಆ ಕೈಯ ಮೇಲೆ ಬೂಟು ಇಟ್ಟು ನಿಂತ. ನಾನು ಹೋಗಿ ಬೂಟು ಹಿಡಿದುಕೊಂಡೆ. ನನ್ನನ್ನು ಚೀಲದವನು ಎಳೆದು ಹಾಕಿದ.

ಹಗ್ಗ ಹಿಡಿದವರು ಯಾರೂ ಹಗ್ಗ ಬಿಡಲಿಲ್ಲ. ಬಿಟ್ಟರೆ ಬಲೆ ಹೋಗುತ್ತದೆ. ಎಲ್ಲರೂ ತಲೆ ತಿರುಗಿಸಿ ನೋಡುತ್ತಿದ್ದರು, ಕೈ ಮಾತ್ರ ಹಗ್ಗದಲ್ಲಿ. ಅಣ್ಣ ನೀರಿನ ಕಡೆಯಿಂದ ಕೂಗಿದ್ದು ನನಗೆ ಈಗಲೂ ಕೇಳುತ್ತದೆ: 'ತೆಂಕ್ ಬದಿ ಎಂತಕೆ ಸಡ್ಲ? ಎಳಿ.'

ಮಗನನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಮೀನನ್ನೂ ತೆಗೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಪೊಲೀಸ ಪಕ್ಕದಲ್ಲೇ ನಿಂತಿದ್ದ, ಡಾಕ್ಟರು 'ಹೇಗಾಯ್ತು?' ಎಂದು ಕೇಳಿದ್ದು ಪೊಲೀಸನ ಹತ್ತಿರ, ಉತ್ತರ ಕೊಟ್ಟದ್ದೂ ಅವನೇ. ದೋಣಿಯಿಂದ ಬಿದ್ದದ್ದು. ಮಗನ ಮೇಲೆಯೇ ಕೇಸು ಆಯಿತು, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡಿದ, ಎಸ್ಸೈ ಮೈಮೇಲೆ ಹೋದ ಎಂದು. ಯಾವ ಸರ್ಕಾರಿ ಕೆಲಸ ಎಂದು ನಾನು ಎಷ್ಟೋ ಜನರ ಹತ್ತಿರ ಕೇಳಿದ್ದೇನೆ. ಮೀನು ಹೆಕ್ಕುವುದು ಎಂದು ಯಾರೂ ಹೇಳಲಿಲ್ಲ.

ಜಾಮೀನು ಆಗಿ ಅವನು ಮನೆಗೆ ಬಂದ ದಿನ ಬಲೆಯವರೆಲ್ಲ ನಮ್ಮ ಅಂಗಳಕ್ಕೆ ಬಂದಿದ್ದರು. ಅಣ್ಣ ಜಗಲಿಯಲ್ಲಿ ಕುಳಿತಿದ್ದ. ಹಿರಿಯನೊಬ್ಬ ಹೇಳಿದ, 'ಅಕ್ಕ, ಹೆದ್ರುದ್ ಬ್ಯಾಡ. ಇಷ್ಟ್ ಜನ ಕಂಡಿದ್ರ್. ಯಾರ್ ಬಂದ್ ಕೇಂಡ್ರೂ ನಮ್ದ್ ಒಂದೇ ಬಾಯಿ.' ನನಗೆ ಧೈರ್ಯ ಬಂತು. ಒಬ್ಬಿಬ್ಬರಾದರೆ ಹೆದರಿಸಬಹುದು, ಇಡೀ ಬಲೆಯನ್ನು ಯಾರು ಹೆದರಿಸುತ್ತಾರೆ ಎಂದು ತಿಳಿದೆ.

ಮೊದಲು ನಾನು ಹೋದದ್ದು ಕುಂದಾಪುರದಲ್ಲಿ ಮಾಡಿದ ಜನಸಂಪರ್ಕ ಸಭೆಗೆ. ಜನರಿಗೆ ಪೊಲೀಸರ ಮೇಲೆ ಏನಾದರೂ ಇದ್ದರೆ ದೊಡ್ಡ ಸಾಹೇಬರ ಎದುರು ಹೇಳಬಹುದು ಎಂದು ಮೈಕಿನಲ್ಲಿ ಕೂಗಿಸಿದ್ದರು. ಹೋಗಿ ನೋಡಿದರೆ, ಜನರ ಬಾಯಿಗೆ ಮೈಕು ಹಿಡಿಯುತ್ತಾ ತಿರುಗುತ್ತಿದ್ದವನು ಅದೇ ಎಸ್ಸೈ. ನನಗಿಂತ ಮೊದಲು ಒಬ್ಬರು ಬೀದಿನಾಯಿಯ ಬಗ್ಗೆ ಹೇಳಿದರು, ಇನ್ನೊಬ್ಬರು ತಲ್ಲೂರಿನ ಹತ್ತಿರ ಲಾರಿಗಳು ಅಡ್ಡಾದಿಡ್ಡಿ ನಿಲ್ಲುವುದನ್ನು ಹೇಳಿದರು. ಸಾಹೇಬರು ಬರೆದುಕೊಂಡರು. ನಾನು ಎದ್ದು ನಿಂತೆ. ಎಸ್ಸೈ ನನ್ನ ಮುಖ ನೋಡಿ ಮೈಕನ್ನು ಸ್ವಲ್ಪ ಹಿಂದೆ ತೆಗೆದ.

'ನನ್ ಮಗನ್ ಕೈ ಮುರ್ದದ್ದ್ ಇವ್ರೇ' ಎಂದೆ. ಮೈಕು ಇಲ್ಲದಿದ್ದರೂ ಮೀನು ಕೂಗಿ ಮಾರಿದ ಗಂಟಲು, ಎಲ್ಲರಿಗೂ ಕೇಳಿತು.

ಸಾಹೇಬರು, 'ಅಮ್ಮ, ಇಲ್ಲಿ ಸಾರ್ವಜನಿಕ ವಿಷಯ ಮಾತ್ರ. ವೈಯಕ್ತಿಕ ವಿಷಯ ಇದ್ದರೆ ದೂರು ಕೊಡಿ' ಎಂದರು.

'ಎಲ್ಲಿ ಕೊಡುದ್?'

'ನಿಮ್ಮ ಠಾಣೆಯಲ್ಲಿ.'

ಹಿಂದೆ ಕುಳಿತ ಹೆಂಗಸು ಒಬ್ಬಳು ನನ್ನ ಸೆರಗು ಎಳೆದು ಕುಳ್ಳಿರಿಸಿದಳು. 'ಕೂತ್ಕಳಿ ಮಾರಾಯ್ರೆ, ಚಾ ಕೊಡ್ತ್ರ್ ಈಗ' ಎಂದಳು. ಚಾ ಕೊಟ್ಟರು. ಕುಡಿದು ಬಂದೆ.

ಆಮೇಲೆ ವರ್ಷಗಳು ಹೋದವು. ಮಗನ ಕೇಸಿಗೆ ತಾರೀಕಿನ ಮೇಲೆ ತಾರೀಕು. ಕೈ ಕೂಡಿಕೊಂಡಿತು, ಮುಷ್ಟಿ ಕಟ್ಟಲಿಕ್ಕೆ ಆಗಲಿಲ್ಲ. ಹಗ್ಗ ಹಿಡಿಯಲಾಗದವನಿಗೆ ಕಡಲ ಕರೆಯಲ್ಲಿ ಏನು ಕೆಲಸ? ಕೊಲ್ಲೂರಿನಲ್ಲಿ ಒಂದು ಲಾಡ್ಜಿಗೆ ಸೇರಿದ. ಬಂದ ಯಾತ್ರಿಕರಿಗೆ ರೂಮು ತೋರಿಸುವುದು, ಬೀಗದ ಕೈ ಕೊಡುವುದು. ಮದುವೆಯೂ ಆಯಿತು. ಎಸ್ಸೈ ವರ್ಗವಾಗಿ ಹೋದ. ಬೇರೆಯವರು ಬಂದರು. ಜೀಪು ಬರುವುದು ನಿಲ್ಲಲಿಲ್ಲ, ಅಣ್ಣ ಮೀನು ಹಾಕುವುದೂ ನಿಲ್ಲಲಿಲ್ಲ. ನಾನು ಆ ಹೊತ್ತಿಗೆ ಅಲ್ಲಿ ನಿಲ್ಲುವುದನ್ನು ಬಿಟ್ಟೆ.

ಕೇಸು ನೋಡುತ್ತಿದ್ದವರು ಬ್ರಹ್ಮಾವರದ ಒಬ್ಬರು ವಕೀಲರಮ್ಮ. ಸಣ್ಣ ಪ್ರಾಯ, ಬೇಗ ಬೇಗ ಮಾತು. ಒಂದು ದಿನ ಅವರೇ ಹೇಳಿದರು, 'ಅಮ್ಮ, ಪೊಲೀಸರ ಮೇಲಿನ ದೂರು ಕೇಳಲಿಕ್ಕೆ ಉಡುಪಿಯಲ್ಲಿ ಒಂದು ಕಮಿಟಿ ಆಗಿದೆ. ಪೊಲೀಸರು ಮಾತ್ರ ಅಲ್ಲ, ಹೊರಗಿನವರೂ ಇದ್ದಾರೆ. ಅಧ್ಯಕ್ಷರು ರಿಟೈರ್ಡ್ ಜಡ್ಜು. ಅಲ್ಲಿ ಕೈ ಮುರಿದದ್ದು ಪೊಲೀಸರೇ ಎಂದು ಬಂದರೆ ನಿಮ್ಮ ಮಗನ ಮೇಲಿನ ಕೇಸೂ ನಿಲ್ಲುವುದಿಲ್ಲ.'

'ಬರದಿದ್ರೆ?'

'ಬರದಿದ್ರೆ ಎಂತ ಆಗ್ತದೆ ಅಂತ ಆಮೇಲೆ ನೋಡುವ.'

ಹೋದೆವು. ಅಧ್ಯಕ್ಷರು ವಯಸ್ಸಾದವರು, ಕಿವಿಗೆ ಮಷೀನು ಹಾಕಿದ್ದರು. ಅವರ ಒಂದು ಪಕ್ಕದಲ್ಲಿ ಊರಿನ ಒಬ್ಬ ಗಣ್ಯರು, ಇನ್ನೊಂದು ಪಕ್ಕದಲ್ಲಿ ಒಬ್ಬ ಪೊಲೀಸ್ ಅಧಿಕಾರಿ. ನನಗೆ ಕುರ್ಚಿ ಕೊಟ್ಟರು. ಅಷ್ಟು ವರ್ಷದಲ್ಲಿ ನನಗೆ ಕುರ್ಚಿ ಕೊಟ್ಟ ಮೊದಲ ಆಫೀಸು ಅದು. ನಾನು ಹೇಳಿದ್ದನ್ನು ಅಧ್ಯಕ್ಷರು ನಡುವೆ ತಡೆಯದೆ ಕೇಳಿದರು. ಮಗನ ಕೈಯನ್ನು ತಾವೇ ಹಿಡಿದು ತಿರುಗಿಸಿ ನೋಡಿದರು. ಪೊಲೀಸ್ ಅಧಿಕಾರಿ, 'ಹಳೆಯ ವಿಷಯ' ಎಂದಾಗ ಇವರು, 'ಕೇಸು ಇನ್ನೂ ನಡೆಯುತ್ತಿದೆಯಲ್ಲ, ಹಳೆಯದು ಹೇಗೆ?' ಎಂದು ಬಾಯಿ ಮುಚ್ಚಿಸಿದರು.

'ನೀವು ತಾಯಿ' ಎಂದರು ನನಗೆ. 'ನಿಮ್ಮ ಮಾತನ್ನು ನಾನು ನಂಬಬಹುದು, ಆದರೆ ತಾಯಿ ಹೇಳಿದ್ದು ಎಂದು ಅದನ್ನು ಒಂದು ಬದಿಗೆ ಇಡುತ್ತಾರೆ. ಬೇರೆ ಯಾರು ನೋಡಿದ್ದಾರೆ?'

'ಇಡೀ ಬಲೆಯವ್ರ್ ಕಂಡಿದ್ರ್' ಎಂದೆ.

'ಹಾಗಾದರೆ ಅವರು ಇಲ್ಲಿ ಬರುವುದು ಬೇಡ. ನಾವೇ ಬರುತ್ತೇವೆ' ಎಂದರು. ವಾಪಸು ಬರುವಾಗ ವಕೀಲರಮ್ಮ ಬ್ರಹ್ಮಾವರದಲ್ಲಿ ಇಳಿಯುವ ತನಕ ಮಾತಾಡುತ್ತಲೇ ಇದ್ದರು. ನಾನೂ ಆ ದಿನ, ಆಗುತ್ತದೆ, ಎಂದುಕೊಂಡೆ. ಒಬ್ಬ ಜಡ್ಜು ನಮ್ಮ ಕಡಲ ಕರೆಗೆ ಬರುತ್ತೇನೆ ಅಂದದ್ದು ಸಣ್ಣ ವಿಷಯವಲ್ಲ.

ಕಮಿಟಿ ಬರುವ ಹಿಂದಿನ ದಿನ ವಕೀಲರಮ್ಮ ಬಂದು ಬಲೆಯವರನ್ನು ಒಟ್ಟು ಮಾಡಿ ಹೇಳಿದರು. 'ನಿಮ್ಮನ್ನು ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಾರೆ. ನೀವು ನೀವು ಕಂಡದ್ದನ್ನು ನೀವು ನೀವೇ ಹೇಳಬೇಕು. ತಿಳೀತಾ?' ಎಲ್ಲರೂ ತಲೆ ಆಡಿಸಿದರು. ಆಡಿಸಿ, ಅಣ್ಣನ ಮುಖ ನೋಡಿದರು. ಅಣ್ಣ, 'ಹೇಳುವ, ಹೇಳುವ' ಎಂದ. ಅಷ್ಟೇ.

ಮರುದಿನ ಮೀನುಗಾರರ ಸಂಘದ ಕಟ್ಟಡದಲ್ಲಿ ಮೇಜು ಹಾಕಿ ಮೂವರೂ ಕುಳಿತರು. ನನ್ನನ್ನು ಒಳಗೆ ಬಿಡಲಿಲ್ಲ. ಜಗಲಿಯ ಕಿಟಕಿಯ ಕೆಳಗೆ ಕುಳಿತೆ. ಕಿಟಕಿಗೆ ಬಾಗಿಲು ಇರಲಿಲ್ಲ, ಎಲ್ಲವೂ ಕೇಳುತ್ತಿತ್ತು. ಬಲೆಯವರು ಒಗೆದ ಅಂಗಿ, ಹೊಸ ಲುಂಗಿ ಹಾಕಿಕೊಂಡು ಬಂದಿದ್ದರು. ಯಾರೂ ತಪ್ಪಿಸಿರಲಿಲ್ಲ. ಒಬ್ಬ ಕುಂದಾಪುರದಲ್ಲಿ ಮಗಳ ಮನೆಯಲ್ಲಿ ಹುಷಾರಿಲ್ಲದೆ ಇದ್ದವನು ಬಸ್ಸು ಹತ್ತಿ ಬಂದಿದ್ದ. ಇದನ್ನು ನಾನು ಯಾಕೆ ಬರೆಯುತ್ತಿದ್ದೇನೆ ಎಂದರೆ, ಅವರು ಹೆದರಿ ಓಡಿದವರು ಎಂದು ಯಾರೂ ತಿಳಿಯಬಾರದು.

ಮೊದಲು ಹೋದವನು ನಮ್ಮ ಪಕ್ಕದ ಮನೆಯವ. ಆ ದಿನ ನನ್ನ ಮಗನ ಮುಂದೆಯೇ ಹಗ್ಗ ಹಿಡಿದು ನಿಂತಿದ್ದವ.

'ಆ ದಿನ ನೀವು ಅಲ್ಲಿದ್ದಿರಾ?'

'ಇದ್ದೆ.'

'ಏನು ಕಂಡಿರಿ?'

'ತಂಡೇಲ್ರ ಹತ್ರ ಕೇಣಿ.'

'ನಾನು ನಿಮ್ಮನ್ನು ಕೇಳುತ್ತಿದ್ದೇನೆ.'

'ನಾನ್ ಹೇಳುಕ್ ಆತಿಲ್ಲೆ. ಅವ್ರ್ ಹೇಳ್ತ್ರ್.'

'ಯಾಕೆ, ನಿಮಗೆ ಕಣ್ಣಿಲ್ಲವಾ?'

'ಕಣ್ಣ್ ಇತ್ತ್. ಬಾಯಿ ಅವ್ರದ್ದ್.'

ಅವನು ಹೊರಗೆ ಬಂದು ನನ್ನ ಕಡೆ ತಲೆ ಆಡಿಸಿದ, ನಿನ್ನ ಕೆಲಸ ಸರಿಯಾಗಿ ಮಾಡಿ ಬಂದೆ ಎನ್ನುವ ಹಾಗೆ. ಎರಡನೆಯವನೂ ಅದನ್ನೇ ಹೇಳಿದ. ಮೂರನೆಯವನು, 'ಕಂಡಿದ್ದೆ, ಆದ್ರೆ ಹೇಳುದ್ ತಂಡೇಲ್ರ್' ಎಂದ. ಏನು ಕಂಡದ್ದು ಎಂದರೆ, ಮತ್ತೆ ತಂಡೇಲರ ಹತ್ತಿರ ಕೇಳಿ ಎಂದ. ಅಧ್ಯಕ್ಷರು ತಾಳ್ಮೆಯಿಂದ ಕೇಳಿದರು, ಆಮೇಲೆ ಸ್ವಲ್ಪ ಗದರಿಸಿ ಕೇಳಿದರು, ಆಮೇಲೆ ಬರೀ ಹೆಸರು ಕೇಳಿ ಕಳಿಸಲಿಕ್ಕೆ ಶುರು ಮಾಡಿದರು. ವಕೀಲರಮ್ಮ ಜಗಲಿಗೆ ಬಂದು ಸಾಲಿನಲ್ಲಿ ಉಳಿದವರಿಗೆ ಕೈ ಮುಗಿದು ಹೇಳಿದರು, 'ದಯವಿಟ್ಟು ನೀವೇ ಹೇಳಿ.' ಅವರಲ್ಲಿ ಒಬ್ಬ ನಕ್ಕು, 'ನೀವ್ ಎಂತಕ್ ಹೆದ್ರುದ್ ವಕೀಲ್ರೆ? ಒಬ್ಬೊಬ್ಬ ಒಂದೊಂದ್ ಹೇಳ್ರೆ ಬಲೆ ಹರೀತ್ತ್. ತಂಡೇಲ್ರ್ ಎಲ್ಲಾ ಒಟ್ಟ್ ಮಾಡಿ ಸಮಾ ಹೇಳ್ತ್ರ್, ಕಾಣಿ' ಎಂದ. ಅವನ ಮಾತಿನಲ್ಲಿ ಕಪಟ ಇರಲಿಲ್ಲ. ಅವರೆಲ್ಲ ಒಟ್ಟಾಗಿ ಎಳೆಯುತ್ತಿದ್ದೇವೆ ಎಂದೇ ತಿಳಿದಿದ್ದರು.

ಕೊನೆಗೆ ಅಣ್ಣ ಒಳಗೆ ಹೋದ. ಹೊರಗೆ ಎಲ್ಲರೂ ಬೀಡಿ ಆರಿಸಿ ಕಿವಿಗೊಟ್ಟರು.

'ನೀವೇ ತಂಡೇಲರಾ? ಎಲ್ಲರೂ ನಿಮ್ಮನ್ನೇ ಕೇಳಲಿಕ್ಕೆ ಹೇಳಿದ್ದಾರೆ' ಎಂದರು ಅಧ್ಯಕ್ಷರು. ಅವರ ಸ್ವರದಲ್ಲಿ ಇನ್ನೂ ಸ್ವಲ್ಪ ಆಸೆ ಇತ್ತು. 'ಎಸ್ಸೈ ಆ ಹುಡುಗನಿಗೆ ಹೊಡೆದದ್ದನ್ನು ನೀವು ಕಂಡಿರಾ?'

ಅಣ್ಣ ಹೇಳಿದ, 'ನನ್ ಕಣ್ಣ್ ನೀರ್ ಮೇಲೆ ಇದ್ದಿತ್ತ್. ಬಲೆ ಎಳೆವ ಹೊತ್ತಿಗೆ ತಂಡೇಲ ಹಿಂದೆ ತಿರ್ಗಿ ಕಾಂಬ ಕ್ರಮ ಇಲ್ಲೆ.'

'ಕಂಡಿಲ್ಲ?'

'ಕಂಡಿಲ್ಲೆ.'

'ಕೂಗಿದ್ದು, ಹೊಡೆದದ್ದು, ಏನಾದರೂ ಕೇಳಿತಾ?'

'ಕಡ್ಲ್ ಶಬ್ದ ಇದ್ದಿತ್ತ್.'

ಪೊಲೀಸ್ ಅಧಿಕಾರಿ ಕುರ್ಚಿ ಹಿಂದೆ ಸರಿಸಿದ್ದು ಕೇಳಿತು. ಮುಗಿಯಿತು.

ಜಗಲಿಯಲ್ಲಿ ಇದ್ದವರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಎದ್ದು ಅವರ ಎದುರು ನಿಂತೆ. 'ಈಗ ಒಳಗ್ ಹೋಯ್ನಿ. ಅವ್ರ್ ಇನ್ನೂ ಕೂತಿದ್ರ್. ಒಬ್ಬನಾರೂ ಹೋಗಿ ಹೇಳಿ' ಎಂದೆ. ಪಕ್ಕದ ಮನೆಯವ ನೆಲ ನೋಡುತ್ತಾ, 'ಈಗ ಹ್ಯಾಂಗ್ ಹೇಳುದ್ ಅಕ್ಕ? ಹೇಳ್ರೆ ತಂಡೇಲ್ರ್ ಸುಳ್ಳ್ ಹೇಳಿದ್ರ್ ಅಂದಾತ್ತಲ್ದಾ' ಎಂದ. ಹಿರಿಯನೊಬ್ಬನಿಗೆ ಕಣ್ಣಲ್ಲಿ ನೀರು ಬಂದಿತ್ತು. ಅವನ ಕಣ್ಣೀರು ನನಗೆ ಯಾವ ಕೆಲಸಕ್ಕೆ? ಬಾಯಿಯನ್ನು ಕೊಟ್ಟ ಮೇಲೆ ವಾಪಸು ತೆಗೆದುಕೊಳ್ಳುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಅಧ್ಯಕ್ಷರು ಕಾರು ಹತ್ತುವ ಮೊದಲು ನನ್ನ ಹತ್ತಿರ ಬಂದರು. 'ಅಮ್ಮ, ಒಬ್ಬ ಸಾಕಿತ್ತು' ಎಂದರು. 'ನನಗೆ ಅನಿಸಿದ್ದನ್ನು ನಾನು ಬರೆಯುವ ಹಾಗಿಲ್ಲ. ಅವರು ಹೇಳಿದ್ದನ್ನು ಬರೆಯಬೇಕು.' ಅವರು ಒಳ್ಳೆಯವರು. ಅದರಿಂದ ಪ್ರಯೋಜನ ಏನೂ ಆಗಲಿಲ್ಲ.

ಸಂಜೆ ನಾನು ಅಣ್ಣನ ಮನೆಗೆ ಹೋದೆ. ಅವನು ಹರಿದ ಬಲೆ ಹೊಲಿಯುತ್ತಿದ್ದ. ಅತ್ತಿಗೆ ಚಾ ತಂದಳು, ನಾನು ಮುಟ್ಟಲಿಲ್ಲ.

'ಸುಳ್ಳ್ ಎಂತಕೆ ಹೇಳ್ದೆ?'

'ಯಾವ್ ಸುಳ್ಳ್? ನನ್ ಮೋರೆ ಕಡ್ಲ್ ಬದಿಗೇ ಇದ್ದಿತ್ತ್. ನೀನೂ ಕಂಡಿದ್ಯಲ್ಲ.'

'ತೆಂಕ್ ಬದಿ ಸಡ್ಲ ಅಂದ್ ಕೂಗ್ದವ ನೀನ್. ಎಂತಕೆ ಸಡ್ಲ ಆಯ್ತ್ ಅಂದ್ ಗೊತ್ತಿಲ್ಲ್ಯಾ?'

ಅವನು ಸೂಜಿ ಕೆಳಗೆ ಇಟ್ಟ. 'ಗೊತ್ತಿತ್ತ್' ಎಂದ. 'ಕಾಣ್, ನಿನ್ ಕಮಿಟಿ ಕಾರ್ ಹತ್ತಿ ಹೋಯ್ತ್. ಠಾಣೆ ಇಲ್ಲೇ ಇಪ್ಪುದ್. ನಾಳೆ ನಮ್ ಒಂದ್ ಗಂಡ್ ಬೈಕಲ್ಲಿ ಹೋದ್ರೆ ಹಿಡಿತ್ರ್, ಒಬ್ಬ ಕುಡ್ದ್ ಬಂದ್ರೆ ಹಿಡಿತ್ರ್, ಮದ್ವಿ ಮನೇಲಿ ಮೈಕ್ ಹಾಕುಕೆ ಅವ್ರನ್ನೇ ಕೇಣ್ಬೇಕ್. ಪ್ರತಿಯೊಂದಕ್ಕೂ ಠಾಣೆ ಬಾಗ್ಲಲ್ಲಿ ನಿಂತ್ ಮಾತಾಡುವವ ಯಾರ್? ನಾನ್.'

'ಅಂವ ನಿನ್ ಅಳಿಯ.'

'ಉಳ್ದವ್ರೆಲ್ಲ ಯಾರ್ ಅಂದ್ ಮಾಡಿದೆ? ಅವ್ರೂ ನನ್ನವ್ರೇ.'

ಅವನು ಹೇಳಿದ್ದರಲ್ಲಿ ತಪ್ಪು ಹುಡುಕಲಿಕ್ಕೆ ನಾನು ದಾರಿಯುದ್ದಕ್ಕೂ ನೋಡಿದೆ. ಠಾಣೆ ಇಲ್ಲೇ ಇರುವುದು ಹೌದು. ಕಮಿಟಿ ಉಡುಪಿಯಲ್ಲಿ ಇರುವುದು ಹೌದು. ನನ್ನ ಮಗನ ಕೈಯನ್ನು ಕೊಟ್ಟು ಉಳಿದವರ ಕೈಯನ್ನು ಉಳಿಸಿಕೊಂಡೆ ಎಂದು ಅವನ ಲೆಕ್ಕ. ಲೆಕ್ಕ ಸರಿ ಇರಬಹುದು. ನಾನು ಮಾತ್ರ ಅವನ ಜಗಲಿಗೆ ಮತ್ತೆ ಹೋಗಲಿಲ್ಲ. ಅವನು ಹಬ್ಬಕ್ಕೆ ಮೀನು ಕಳಿಸುತ್ತಿದ್ದ, ನಾನು ಅದನ್ನು ಹೆಡಿಗೆಗೆ ಹಾಕಿ ಮಾರಿ ಬರುತ್ತಿದ್ದೆ.

ಕಮಿಟಿಯ ತೀರ್ಮಾನ ಬಂತು. ನೋಡಿದ ಸಾಕ್ಷಿ ಯಾರೂ ಇಲ್ಲ, ಗಾಯ ಬಿದ್ದು ಆದದ್ದು ಎಂದು ಆಸ್ಪತ್ರೆಯವರು ಹೇಳುತ್ತಾರೆ, ದೂರು ಮುಗಿಸಲಾಗಿದೆ. ವಕೀಲರಮ್ಮ ಓದಿ ಹೇಳಿದರು. ಅವರ ಮಾತು ಆ ದಿನ ಬೇಗ ಬೇಗ ಬರಲಿಲ್ಲ. 'ಅಮ್ಮ, ಇನ್ನು ಕೋರ್ಟಿನಲ್ಲಿ ಇದನ್ನೇ ನಮಗೆ ಎದುರು ಇಡುತ್ತಾರೆ. ಕಮಿಟಿಯೇ ವಿಚಾರಿಸಿದೆ, ಪೊಲೀಸರ ತಪ್ಪಿಲ್ಲ ಎಂದು. ಕಮಿಟಿಗೆ ಹೋಗದೆ ಇದ್ದಿದ್ದರೆ ಕಡೇಪಕ್ಷ ಇದಾದರೂ ಇರುತ್ತಿರಲಿಲ್ಲ.'

ಮುಂದೆ ಎರಡು ದಾರಿ ಎಂದರು. ಕೇಸು ನಡೆಸುತ್ತಾ ಹೋಗುವುದು, ಸಾಕ್ಷಿ ಯಾರೂ ಬರುವುದಿಲ್ಲ, ಜೈಲು ಆದರೂ ಆಗಬಹುದು. ಇಲ್ಲದಿದ್ದರೆ ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಮುಗಿಸುವುದು.

'ಒಪ್ಪುಕ್ ಆತಿಲ್ಲೆ' ಎಂದು ನಾನು ಹೇಳಿದೆ. 'ಇಷ್ಟ್ ವರ್ಷ ತಿರ್ಗಿದ್ದ್ ಇದಕ್ಕಾ?'

ಆಗ ಮಗ ಮಾತಾಡಿದ. 'ತಿರ್ಗಿದ್ದ್ ನೀನ್ ಅಮ್ಮ. ಪ್ರತಿ ತಾರೀಕಿಗೂ ಲಾಡ್ಜಿನ್ ಧಣಿ ಹತ್ರ ರಜೆ ಕೇಂಬುದ್ ನಾನ್. ಪೊಲೀಸ್ ಕೇಸ್ ಇದ್ದವ್ನನ್ನ ಎಷ್ಟ್ ದಿನ ಇಟ್ಕಂಬುದ್ ಅಂದ್ ಅವ್ರ್ ಹೇಳ್ತಾ ಇದ್ರ್. ನಂಗ್ ಸಾಕ್.'

'ನೀನ್ ಹೊಡ್ದದ್ದ್ ಹೌದಾ ಹಾಂಗಾರೆ?'

'ಹೊಡಿಲಿಲ್ಲೆ. ಅದ್ ನಿಂಗ್ ಗೊತ್ತಿತ್ತ್, ನಂಗ್ ಗೊತ್ತಿತ್ತ್. ಬೇರೆ ಯಾರಿಗ್ ಬೇಕಿತ್ತ್?'

ಬೇಕಾದವರು ಯಾರಾದರೂ ಇದ್ದಾರಾ ಎಂದು ಹುಡುಕಿದವಳೇ ನಾನು.

ಆ ತಾರೀಕಿಗೆ ನಾನೂ ಕುಂದಾಪುರಕ್ಕೆ ಹೋದೆ. ಬರುವುದು ಬೇಡ ಎಂದು ಅವನು ಹೇಳಿದ್ದ. ಕೋರ್ಟಿನಲ್ಲಿ ಬಹಳ ಜನ. ಹೆಲ್ಮೆಟ್ ಹಾಕದವರು, ಕುಡಿದು ಗಲಾಟೆ ಮಾಡಿದವರು, ಒಬ್ಬೊಬ್ಬರನ್ನು ಕರೆದು ಕೇಳಿ ಕಳಿಸುತ್ತಿದ್ದರು. ಇವನ ಹೆಸರು ಕೂಗಿದರು. ಹೋಗಿ ನಿಂತ. ಇಂಥ ದಿನ ಕಡಲ ಕರೆಯಲ್ಲಿ ಕೆಲಸದ ಮೇಲಿದ್ದ ಪೊಲೀಸ್ ಅಧಿಕಾರಿಯ ಮೈಮೇಲೆ ಹೋಗಿದ್ದೀಯಾ, ತಪ್ಪು ಒಪ್ಪುತ್ತೀಯಾ ಎಂದು ಮ್ಯಾಜಿಸ್ಟ್ರೇಟರು ಕೇಳಿದರು.

'ಹೌದು ಸ್ವಾಮಿ' ಎಂದ.

'ಯಾರಾದರೂ ಒತ್ತಾಯ ಮಾಡಿದ್ದಾರಾ?'

'ಇಲ್ಲ ಸ್ವಾಮಿ.'

ಅವರು ದಂಡ ಹೇಳಿ ಬರೆದರು. ಬರೆದವರು ತಲೆ ಎತ್ತಿ, 'ಜೊತೆಗೆ ಯಾರು ಬಂದಿದ್ದಾರೆ?' ಎಂದರು. ಇವನು ಹಿಂದೆ ತಿರುಗಿ ನನ್ನನ್ನು ತೋರಿಸಿದ. ಮ್ಯಾಜಿಸ್ಟ್ರೇಟರು ನನ್ನ ಪ್ರಾಯ ನೋಡಿ ಸ್ವರ ಮೆತ್ತಗೆ ಮಾಡಿದರು.

'ಅಜ್ಜಿ, ಮಗನಿಗೆ ಸ್ವಲ್ಪ ಬುದ್ಧಿ ಹೇಳಿ. ಪೊಲೀಸರ ಮೇಲೆ ಕೈ ಮಾಡಬಾರದು ಅಂತ ಹೇಳಿ. ಆಯ್ತಾ?'

ವಕೀಲರಮ್ಮ ನನ್ನ ಕೈ ಹಿಡಿದುಕೊಂಡರು. ನಾನು ಎಲ್ಲಿ ಬಾಯಿ ಬಿಡುತ್ತೇನೋ ಎಂದು ಅವರಿಗೆ ಹೆದರಿಕೆ. ಮಗನೂ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಏನಾದರೂ ಹೇಳಿದರೆ ಅವನು ಒಪ್ಪಿಕೊಂಡದ್ದು ಸುಳ್ಳು ಎಂದಾಗುತ್ತದೆ, ಪುನಃ ತಾರೀಕು, ಪುನಃ ರಜೆ, ಲಾಡ್ಜಿನ ಕೆಲಸ ಇಲ್ಲ. ಎಲ್ಲರೂ ಕಾಯುತ್ತಿದ್ದರು.

'ಆಯ್ತು ಸ್ವಾಮಿ, ಹೇಳ್ತೆ' ಎಂದೆ.